ಒಂಬತ್ತು ಗಂಟೆಯ ನೀರು

ನನ್ನ ಓರಗಿತ್ತಿ ರತ್ನಳಿಗೆ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಮೊದಲ ಸಾಲು ಬರೆದು ಹೊಡೆದು ಹಾಕಿದೆ. ಚೆನ್ನಾಗಿಯೇ ಇದ್ದೇವೆ, ಆದರೆ ಕೂತಲ್ಲಿ ಕೂರಲು ಆಗುತ್ತಿಲ್ಲ. ನಿನ್ನ ಮಗ ಹರೀಶನ ತಾಂಬೂಲದ ತಟ್ಟೆ ನಡುಮನೆಯ ಟ್ರಂಕಿನ ಮೇಲೆ ಹಾಗೇ ಇದೆ. ತಾಯಲೂರಿನ ಕಡೆ ಹುಡುಗಿಯ ಮನೆಗೆ ಹೊತ್ತುಕೊಂಡು ಹೋದ ತಟ್ಟೆ, ಬದಲಾಗದೆ ನಮ್ಮ ಜೊತೆಯೇ ವಾಪಸ್ ಬಂತು. ಬಾಳೆಹಣ್ಣು ಕಪ್ಪಾದವು, ತೆಗೆದು ಹಸುವಿಗೆ ಹಾಕಿದೆ. ಎಲೆ ಬಾಡಿದೆ, ಅದನ್ನು ತೆಗೆಯಲು ಮಾತ್ರ ಮನಸ್ಸು ಬರುತ್ತಿಲ್ಲ. ಹುಡುಗಿಯ ಅಪ್ಪ ಇವತ್ತೋ ನಾಳೆಯೋ ತನ್ನ ಮಾತು ಹೇಳಬೇಕು. ಅಲ್ಲಿಯವರೆಗೆ ನಾನು ಏನು ಮಾಡಲಿ? ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯಲು ಹೋದರೆ ಫೋನು ಬಂತೇನೋ ಅನ್ನಿಸಿ ಅರ್ಧ ದಾರಿಯಿಂದ ತಿರುಗಿ ಬರುತ್ತೇನೆ. ಒಲೆಯ ಮೇಲೆ ಸಾರು ಎರಡು ಸಲ ಸೀದಿತು. ಅದಕ್ಕೇ ನಿನಗೆ ಬರೆಯಲು ಕೂತೆ. ಊರೂರಿನ ನೆಂಟರಿಗೆಲ್ಲ ಕಾಗದ ಬರೆಯುವವಳು ನಾನು, ನಿನಗೊಬ್ಬಳಿಗೆ ಇಷ್ಟು ವರ್ಷ ಬರೆದಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದವಳು, ಬಸ್ಸಿನ ಬೋರ್ಡು, ಸೋಪಿನ ಕವರು ಓದಿ ಓದಿ ಕಲಿತ ಅಕ್ಷರ. “ಹುಳ ಹರಿದಾಡಿದಂಗೈತೆ ಅಕ್ಕ ನಿನ್ ಬರಹ” ಎಂದು ನಗುತ್ತಿದ್ದೆಯಲ್ಲ, ಈಗಲೂ ಹಾಗೇ ಇದೆ. ಓದಿಕೋ.

ನಿನ್ನ ತಾಂಬೂಲದ ದಿನ ನೆನಪಿದೆಯಾ? ನಮ್ಮ ಕಡೆ ತಟ್ಟೆ ಬದಲಾಯಿಸುವ ಮುಂಚೆ ಹಿರಿಯರು ಒಂದು ಮಾತು ಕೇಳುವುದುಂಟು: “ಹೇಳ್ದೆ ಉಳ್ದಿರೋದು ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ. ತಟ್ಟೆ ಬದಲಾದ ಮೇಲೆ ಮಾತಿಲ್ಲ.” ಯಾರೂ ಏನೂ ಹೇಳುವುದಿಲ್ಲ. “ಏನಿಲ್ಲ, ಬದಲಾಯ್ಸಿ” ಎನ್ನುತ್ತಾರೆ, ಈಚೆ ತಟ್ಟೆ ಆಚೆಗೆ, ಆಚೆ ತಟ್ಟೆ ಈಚೆಗೆ. ಆವತ್ತು ಮಾತ್ರ ನಿನ್ನ ಸೋದರಮಾವ ಗಂಟಲು ಸರಿಮಾಡಿಕೊಂಡು, “ಒಂದೈತೆ. ನಮ್ ಹುಡ್ಗಿ ನಿದ್ದೇಲಿ ಮಾತಾಡ್ತಾಳೆ. ಒಂದೊಂದ್ಸಲ ಬೈತಾಳೆ” ಎಂದ. ಪಡಸಾಲೆಯೆಲ್ಲ ನಕ್ಕಿತು. ನನ್ನ ಮೈದುನ, ಆಗಷ್ಟೇ ಬೋರ್‌ವೆಲ್ ಕೊರೆಯುವ ಗಾಡಿಯಲ್ಲಿ ಕೆಲಸಕ್ಕೆ ಸೇರಿದ್ದವನು, ತಲೆ ಎತ್ತದೆ, “ಬೈಲಿ ಬಿಡಿ. ಬೋರ್ ಲಾರಿ ಸದ್ದಲ್ಲಿ ಮಲಗೋನು ನಾನು, ಕೇಳ್ಸಲ್ಲ” ಎಂದ. ನೀನು ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ನನ್ನ ಕೈ ಹಿಡಿದು ಚಿವುಟಿದೆ. ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ನೀನು ನನ್ನ ಕೈ ಹಿಡಿದಿದ್ದೆ ಕಣೇ.

ಅವನು ಗಾಡಿಯ ಜೊತೆ ತಿಂಗಳುಗಟ್ಟಲೆ ಊರಿಂದ ಊರಿಗೆ ಅಲೆದ. ರೋಗ ಎಲ್ಲಿಂದ ಬಂತು, ಹೇಗೆ ಬಂತು, ಆ ವಿಚಾರಣೆ ನೀನೂ ಮಾಡಲಿಲ್ಲ, ನಾನೂ ಮಾಡುವುದಿಲ್ಲ. ಅವನು ತೀರಿಹೋದ. ವರ್ಷ ತುಂಬುವುದರೊಳಗೆ ನಿನಗೂ ಜ್ವರ, ಭೇದಿ ಹಿಡಿದು ಬಿಡದಾಯಿತು. ಮುಳಬಾಗಿಲಿನಲ್ಲಿ ರಕ್ತ ತೆಗೆದು ನೋಡಿದವರು ಎಚ್‌ಐವಿ ಎಂದು ಮೆಲ್ಲಗೆ ಹೇಳಿದರು. ಊರು ಮೆಲ್ಲಗೆ ಹೇಳಲಿಲ್ಲ. ಹುಳದ ಮನೆಯ ಬಾಗಿಲಲ್ಲಿ ನೀನು ನಿಂತ ಆ ಬೆಳಿಗ್ಗೆ ನನಗೆ ಈಗಲೂ ಕಾಣುತ್ತದೆ. ಸುಣ್ಣದ ಪುಡಿ ತುಳಿದು, ಕೈ ತೊಳೆದು, ಸೊಪ್ಪಿನ ಹೊರೆ ತಲೆಯ ಮೇಲಿದ್ದರೂ ನೀನು ಒಳಗೆ ಕಾಲಿಡಲಿಲ್ಲ. “ನಾನ್ ಬರಲ್ಲ ಅಕ್ಕ. ಈ ಸಲ ಹುಳ ಕೆಟ್ರೆ ನನ್ ಹೆಸ್ರು ಹೇಳ್ತಾರೆ” ಎಂದು ಹೊರೆಯನ್ನು ಹೊಸ್ತಿಲ ಮೇಲೆ ಇಳಿಸಿ ಹೋದೆ. ಹುಳ ಪೊರೆ ಕಳಚುವ ಮೊದಲನೇ ಜ್ವರದಿಂದ ಗೂಡು ಕಟ್ಟುವವರೆಗೆ ಅದರ ಒಂದೊಂದು ನಿದ್ದೆಯನ್ನೂ ಬಲ್ಲವಳು ನೀನು. ನಮ್ಮ ಮನೆಯಲ್ಲಿ ನಿನ್ನಷ್ಟು ಒಳ್ಳೆಯ ಕೈ ಇನ್ನೊಂದಿರಲಿಲ್ಲ. ಬಾ ಎಂದು ಕರೆದೆ. ನೀನು ಬರಲಿಲ್ಲ.

ಇನ್ನೊಂದು ಮಧ್ಯಾಹ್ನ, ಎದುರು ಮನೆಯವರ ಮದುವೆಯ ಊಟ. ಪಂಕ್ತಿಯಲ್ಲಿ ಕೂತು ನೀನು ನೀರು ಕೇಳಿದೆ. ನೀರು ಬಡಿಸುತ್ತಿದ್ದವಳು ನಿನ್ನ ಲೋಟ ದಾಟಿ ಹೋಗಿ, ತಿರುಗಿ ಬಂದು, “ಕೈ ಹಿಡಿ” ಎಂದಳು. ಮೇಲಿನಿಂದ ಬೊಗಸೆಗೆ ಸುರಿದಳು. ಸೀರೆಯೆಲ್ಲ ನೆನೆಯಿತು. ನೀನು ಕುಡಿದು, ಬಾಯಿ ಒರೆಸಿಕೊಂಡು, “ಬೋರ್‌ವೆಲ್ ನೀರು ಬಿದ್ದಂಗೆ ಬಿತ್ತು ಬಿಡಕ್ಕ” ಎಂದು ನಕ್ಕೆ. ಮನೆಗೆ ಬಂದ ಮೇಲೆ ನೀನೇ ಬೇರೆ ಇಟ್ಟುಕೊಂಡಿದ್ದ ನಿನ್ನ ಹಿತ್ತಾಳೆ ಚೊಂಬನ್ನು ನಾನು ತುಂಬಿಸಿಕೊಂಡು ಬಂದು, ಎತ್ತಿ ಕುಡಿಯದೆ ಬಾಯಿಗೆ ಕಚ್ಚಿಕೊಂಡೇ ಅರ್ಧ ಕುಡಿದೆ. ಉಳಿದ ಅರ್ಧ ನಿನ್ನ ಮುಂದೆ ಹಿಡಿದೆ. ನೀನು ಅಳಲಿಲ್ಲ, ಬೈದೆ. “ನಿಂಗೇನ್ ಹುಚ್ಚಾ? ನಿಂಗೇನಾದ್ರೂ ಆದ್ರೆ ಹರೀಶನ್ನ ಯಾರ್ ನೋಡ್ತಾರೆ?” ನೀರಿನಲ್ಲಿ ಬರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು, ಇಬ್ಬರೂ ಕೇಳಿಸಿಕೊಂಡಿದ್ದೆವು. ಆದರೂ ನೀನು ಬೈದೆ. ಆ ಮಾತಿನಲ್ಲಿ ಮಗನನ್ನು ನನ್ನ ಕೈಗೆ ಹಾಕಿದೆ ಎಂದು ನನಗೆ ತಿಳಿದದ್ದು ನೀನು ಹೋದ ಮೇಲೆ.

ನೀನು ಹೋದೆ, ಆಮೇಲೆ ಮಾತ್ರೆ ಬಂತು. ಬೆಂಗಳೂರಿನಲ್ಲಿ ಯಾವುದೋ ಮಾತ್ರೆ ಇದೆಯಂತೆ, ದುಡ್ಡಿದ್ದವರಿಗೆ ಸಿಗುತ್ತದಂತೆ ಎಂದು ಕೇಳಿದ್ದಷ್ಟೇ ನಿನ್ನ ಕಾಲಕ್ಕೆ. ನಿನ್ನ ವರ್ಷದ ಎಡೆ ಇಟ್ಟು ಬಹಳ ದಿನವಾಗಿರಲಿಲ್ಲ, ಕೋಲಾರದ ಆಸ್ಪತ್ರೆಯಲ್ಲೇ ಸರ್ಕಾರದವರು ಸುಮ್ಮನೆ ಕೊಡುತ್ತಾರೆ ಎಂದರು. ಇನ್ನು ಸ್ವಲ್ಪ ಮೊದಲು ಬಂದಿದ್ದರೆ, ನೀನು ಇನ್ನು ಸ್ವಲ್ಪ ತಡೆದಿದ್ದರೆ... ಬೇಡ ಬಿಡು. ಹರೀಶನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೊದಲ ಸಲ ಅಲ್ಲಿಗೆ ಹೋದಾಗ ಅವನ ಕೈಕಾಲು ಹಂಚಿಕಡ್ಡಿಯ ಹಾಗಿದ್ದವು. ಸಿಡಿ ಫೋರ್ ಎಂದು ಒಂದು ಪರೀಕ್ಷೆ ಮಾಡಿದರು. ಮೈಯೊಳಗೆ ರೋಗದ ಜೊತೆ ಕಾದಾಡುವ ಕಣಗಳು ಎಷ್ಟು ಉಳಿದಿವೆ ಎಂದು ನೋಡುವುದಂತೆ. ಉಳಿದಿದ್ದವು ಬಹಳ ಕಡಿಮೆ. ಮಾತ್ರೆಯನ್ನು ಅರ್ಧ ಮಾಡಿ, ಪುಡಿ ಮಾಡಿ, ಬೆಲ್ಲದ ನೀರಲ್ಲಿ ಕದಡಿ ಕುಡಿಸಿದೆ. ಉಗುಳಿದ. ಮತ್ತೆ ಕುಡಿಸಿದೆ. ಆರು ತಿಂಗಳಿಗೆ ಅವನು ಓಡಿ ಹೋಗಿ ನಮ್ಮ ಕೋಳಿಮರಿ ಹಿಡಿದ. ಕೋಳಿ ಕೂಗಿಕೊಂಡಿತು, ನಾನು ಬೈಯಲಿಲ್ಲ. ಓಡಿದನಲ್ಲ.

ಅವನು ಕಾಲೇಜಿಗೆ ಹೋಗುತ್ತಿದ್ದಾಗ ಒಂದು ದಿನ ನಾನು ಹುಳದ ಕಸ ತಿಪ್ಪೆಗೆ ಹಾಕಲು ಹೋಗಿದ್ದೆ. ಮಂಕರಿ ಮಗುಚಿದರೆ ಕಪ್ಪು ಹಿಕ್ಕೆಯ ನಡುವೆ ಬಿಳಿ ಬಿಳಿ ಮಾತ್ರೆ. ಎಷ್ಟೋ ದಿನದ್ದು. ಸಂಜೆ ಮುಂದೆ ಕೂರಿಸಿಕೊಂಡು ಕೇಳಿದೆ. “ನಾನ್ ಯಾಕ್ ನುಂಗ್ಬೇಕು ದೊಡ್ಡಮ್ಮ? ನಾನೇನ್ ಮಾಡ್ದೆ?” ಎಂದ. “ನಾನೂ ಬಿಪಿ ಮಾತ್ರೆ ನುಂಗ್ತೀನಲ್ಲೋ, ನಾನೇನ್ ಮಾಡ್ದೆ?” ಎಂದೆ. “ನೀನು ಉಪ್ಪಿನಕಾಯಿ ತಿಂದೆ” ಎಂದ. ಅಳುವುದಕ್ಕೆ ಹೊರಟವರು ಇಬ್ಬರೂ ನಕ್ಕೆವು. ಆದರೆ ರೋಗಕ್ಕೆ ನಗು ಗೊತ್ತಾಗುವುದಿಲ್ಲವಲ್ಲ. ಮಾತ್ರೆ ಬಿಟ್ಟ ಆ ತಿಂಗಳುಗಳಲ್ಲಿ ಅದು ಮತ್ತೆ ಏರಿತ್ತು. ಕೆಮ್ಮು ಶುರುವಾಯಿತು, ಕ್ಷಯ ಎಂದರು. ಅದರ ಮಾತ್ರೆ ಬೇರೆ, ಇದರ ಮಾತ್ರೆ ಬೇರೆ. ಹಳೆಯ ಮಾತ್ರೆಗೆ ವೈರಸ್ ಬಗ್ಗುತ್ತಿಲ್ಲ ಎಂದು ಹೊಸದಕ್ಕೆ ಬದಲಾಯಿಸಿದರು. ಅವನು ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ನೋಡುವಾಗ ನನಗೆ ನೀನೇ ಕಾಣುತ್ತಿದ್ದೆ. ಮತ್ತೆ ಅದೇ ದಾರಿಯಾ, ಅದೇ ಗೋಡೆಯಾ? ಇಲ್ಲ, ಹಾಗಾಗಲಿಲ್ಲ. ಎದ್ದ. ಎದ್ದ ದಿನವೇ ನಾವು ಒಂದು ಒಪ್ಪಂದ ಮಾಡಿಕೊಂಡೆವು. ರಾತ್ರಿ ಒಂಬತ್ತಕ್ಕೆ ಅವನ ಮಾತ್ರೆ, ಅದೇ ಹೊತ್ತಿಗೆ ನನ್ನ ಬಿಪಿ ಮಾತ್ರೆ. ಒಬ್ಬರು ನುಂಗದೆ ಇನ್ನೊಬ್ಬರು ನುಂಗುವ ಹಾಗಿಲ್ಲ.

ಈಗ ಅವನು ನರಸಾಪುರದ ಫ್ಯಾಕ್ಟರಿಯಲ್ಲಿದ್ದಾನೆ. ದಿನಕ್ಕೆ ಒಂದೇ ಮಾತ್ರೆ, ಆದರೆ ವಾರಕ್ಕೊಂದು ಶಿಫ್ಟು. ಬೆಳಗಿನ ಶಿಫ್ಟಿನ ವಾರ ಒಂಬತ್ತಕ್ಕೆ ಮನೆಯಲ್ಲಿರುತ್ತಾನೆ, ಮಧ್ಯಾಹ್ನದ ಶಿಫ್ಟಾದರೆ ಕ್ಯಾಂಟೀನಿನಲ್ಲಿ, ರಾತ್ರಿ ಶಿಫ್ಟಾದರೆ ಕಂಪನಿ ಬಸ್ಸಿನಲ್ಲಿ. ಹೊರಗಿದ್ದರೆ ಫೋನು ಮಾಡುತ್ತಾನೆ: “ನುಂಗ್ದೆ ದೊಡ್ಡಮ್ಮ. ನೀನು?” ಡಬ್ಬಿ ಸದ್ದು ಮಾಡಬಾರದೆಂದು ಒಳಗೆ ಹತ್ತಿ ತುರುಕುತ್ತಾನೆ. ಒಂದು ರಾತ್ರಿ ಹತ್ತಿ ಮರೆತು, ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಬ್ಯಾಗಿನಲ್ಲಿ ಗಲಗಲ. ಮುಂದಿನ ಸೀಟಿನ ಹುಡುಗಿ ತಿರುಗಿ, “ಏನ್ರೀ, ಗೆಜ್ಜೆ ಕಟ್ಕೊಂಡು ಡ್ಯೂಟಿಗ್ ಬಂದಿದೀರಾ?” ಎಂದಳಂತೆ. ಅವಳೇ ಪವಿತ್ರ. ಆಮೇಲೆ ಏನಾಯಿತು ಎಂದು ನನಗೆ ಪೂರ್ತಿ ಹೇಳಿಲ್ಲ, ಹೇಳುವುದೂ ಬೇಡ. ಅವಳು ಮನಸ್ಸಿನ ಮಾತು ಆಡಿದಾಗ ಇವನು ಮೊದಲು ಹೇಳಿದ್ದು ತನ್ನ ರೋಗದ ವಿಷಯ. ಅವಳು ಒಂದು ವಾರ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳಂತೆ. ಆ ವಾರ ಇವನು ಮುದ್ದೆಯನ್ನು ಸಾರಿನಲ್ಲಿ ಅದ್ದಿ ಹಾಗೇ ಬಿಟ್ಟು ಏಳುತ್ತಿದ್ದ. ಆಮೇಲೆ ಅವಳೇ ಬಂದು, “ನಿಮ್ ಡಾಕ್ಟ್ರನ್ನ ನಾನ್ ಕೇಳ್ಬೇಕು, ಕರ್ಕೊಂಡ್ ಹೋಗಿ” ಎಂದಳು. ಹೋದಳು, ಕೇಳಿದಳು, ಒಪ್ಪಿದಳು.

ಇನ್ನು ನನ್ನ ಮತ್ತು ಹರೀಶನ ಜಗಳ ಕೇಳು. ಹುಡುಗಿಗೆ ಗೊತ್ತಿದೆಯಲ್ಲ, ಸಾಕು, ಅವಳ ಅಪ್ಪನಿಗೆ ಯಾಕೆ ಎಂದೆ ನಾನು. ಅಪ್ಪನಿಗೆ ಗೊತ್ತಾದರೆ ಚಿಕ್ಕಪ್ಪನಿಗೆ, ಚಿಕ್ಕಪ್ಪನಿಂದ ಊರಿಗೆ, ಊರಿಂದ ಫ್ಯಾಕ್ಟರಿಗೆ. ಬೊಗಸೆಗೆ ಸುರಿದ ನೀರು ನಾನು ಕಂಡವಳಲ್ಲವಾ? ಅವನು, “ಪವಿತ್ರಂಗೆ ಅವಳ ಅಪ್ಪನೇ ಎಲ್ಲ ದೊಡ್ಡಮ್ಮ. ತಟ್ಟೆ ಬದಲಾದ್ಮೇಲೆ ಗೊತ್ತಾದ್ರೆ ಅವಳ್ನೂ ನಂಬಲ್ಲ, ನನ್ನೂ ನಂಬಲ್ಲ” ಎಂದ. ತಾಯಿಯಿಲ್ಲದ ಹುಡುಗಿ ಅವಳು. ಅಪ್ಪ ವೆಂಕಟೇಶಪ್ಪ ಮತ್ತು ಅಜ್ಜಿ ಬೆಳೆಸಿದ್ದು. “ಕೇಳೋ ಮಾತು ಕೇಳೇ ಕೇಳ್ತಾರೆ. ಆಗ ‘ಏನಿಲ್ಲ’ ಅಂತ ನಾನ್ ಹೆಂಗ್ ಸುಮ್ನೆ ಕೂತ್ಕೊಳ್ಲಿ?” ಎಂದು ಕೇಳಿದ. ಕೊನೆಗೆ, ತಾಂಬೂಲದ ದಿನ ಸ್ವಲ್ಪ ಮುಂಚೆ ಹೋಗಿ, ವೆಂಕಟೇಶಪ್ಪನನ್ನು ಒಂದು ಕಡೆ ಕರೆದು ಹೇಳುವುದು ಎಂದಾಯಿತು.

ಮುಂಚೆಯೇ ಹೋದೆವು. ಆದರೆ ವೆಂಕಟೇಶಪ್ಪ ಟೊಮೇಟೊ ಹಾಕಲು ಕೋಲಾರದ ಮಂಡಿಗೆ ಹೋದವನು ಇನ್ನೂ ಬಂದಿರಲಿಲ್ಲ. ಅವನು ಬರುವಷ್ಟರಲ್ಲಿ ಎರಡೂ ಕಡೆಯ ಜನ ಚಾಪೆ ತುಂಬ ಕೂತಿದ್ದರು. ಕಾಲು ತೊಳೆದು ನೆಟ್ಟಗೆ ಬಂದು ತಟ್ಟೆಯ ಮುಂದೆ ಕೂತ. ಅವರ ಕಡೆಯ ಮುದುಕರೊಬ್ಬರು ಕೇಳಿಯೇಬಿಟ್ಟರು: “ಹೇಳ್ದೆ ಉಳ್ದಿರೋದು ಏನಾದ್ರೂ ಇದೆಯೇನಪ್ಪಾ?” ನಮ್ಮ ಮನೆಯವರು, ನಿನ್ನ ಭಾವನವರು, ಊರಿನ ಎಷ್ಟು ತಾಂಬೂಲಕ್ಕೆ ಹಿರಿಯರಾಗಿ ಕೂತಿದ್ದಾರೆ ಗೊತ್ತಲ್ಲ. ಬಾಯಿಗೆ ಅಭ್ಯಾಸವಾಗಿಹೋಗಿದೆ. ಮನೆಯಲ್ಲಿ ನಾಲ್ಕು ದಿನ ಕೂತು ಮಾತಾಡಿದ್ದೆಲ್ಲ ಮರೆತು, “ಏನಿಲ್ಲ, ಬದಲಾಯ್ಸಿ” ಎಂದುಬಿಟ್ಟರು. ತಟ್ಟೆ ಎತ್ತಿಯೂ ಆಯಿತು. ನಾನು ಹೆಂಗಸರ ಸಾಲಿನಿಂದ ಎದ್ದು ಬಂದು ತಟ್ಟೆಯ ಮೇಲೆ ಕೈ ಇಟ್ಟೆ.

“ಐತೆ,” ಎಂದೆ. “ಒಂದ್ ಮಾತೈತೆ. ಎಲ್ರ ಮುಂದೆ ಅಲ್ಲ.”

“ಏನಮ್ಮಾ, ಹುಡುಗನಿಗೆ ಇನ್ನೊಂದು ಹೆಂಡ್ತಿ ಐತಾ?” ಎಂದು ಆ ಮುದುಕರು ಕೇಳಿ ಎಲ್ಲರನ್ನೂ ನಗಿಸಿದರು. ನಿನ್ನ ಭಾವನವರು ಆಗ ನೆನಪಾದವರಂತೆ ನಾಲಿಗೆ ಕಚ್ಚಿಕೊಂಡರು. ವೆಂಕಟೇಶಪ್ಪ ನಗಲಿಲ್ಲ. ನನ್ನ ಕೈಯನ್ನೇ ನೋಡಿ ಎದ್ದು ಹಿತ್ತಲಿಗೆ ನಡೆದ.

ಹಿತ್ತಲಲ್ಲಿ ಟೊಮೇಟೊ ಗಿಡಕ್ಕೆ ಆಸರೆ ಕೊಡುವ ಕಡ್ಡಿಗಳ ರಾಶಿ. ಅದರ ಪಕ್ಕ ವೆಂಕಟೇಶಪ್ಪ, ಅವನ ತಾಯಿ, ಪವಿತ್ರ, ನಾನು, ಹರೀಶ. ನಾನು ಹೇಳಬೇಕೆಂದು ಬಸ್ಸಿನಲ್ಲೆಲ್ಲ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆಗೆಯುವ ಮೊದಲೇ ನಿನ್ನ ಮಗ ಹೇಳಿದ. ಮಾತು ತಡವರಿಸಲಿಲ್ಲ ರತ್ನಾ. ಕೈ ಮಾತ್ರ ಪ್ಯಾಂಟಿನ ಜೇಬಿನಲ್ಲಿ ಡಬ್ಬಿ ಹಿಡಿದುಕೊಂಡಿತ್ತು.

“ಮಾವ, ನಂಗೆ ಎಚ್‌ಐವಿ ಐತೆ. ಹುಟ್ಟೋವಾಗ ಅಮ್ಮನಿಂದ ಬಂದಿದ್ದು. ಚಿಕ್ಕೋನಿಂದ ಮಾತ್ರೆ ತಗೊಳ್ತಿದೀನಿ. ಮಧ್ಯ ಒಂದ್ಸಲ ಬಿಟ್ಟು ಕಾಯಿಲೆ ಬಿದ್ದೆ. ಆಮೇಲಿಂದ ಬಿಟ್ಟಿಲ್ಲ. ಈಗ ಟೆಸ್ಟಲ್ಲಿ ಸಿಗ್ದಷ್ಟು ಕಮ್ಮಿ ಐತೆ. ಹಿಂಗೇ ಇದ್ರೆ ಪವಿತ್ರಂಗೆ ನನ್ನಿಂದ ಬರಲ್ಲ ಅಂತ ಡಾಕ್ಟ್ರು ಹೇಳವ್ರೆ. ಪೂರ್ತಿ ವಾಸಿಯಾಗೋದಲ್ಲ ಇದು. ಇರೋವರ್ಗೂ ಮಾತ್ರೆ ನುಂಗ್ಬೇಕು.”

ವೆಂಕಟೇಶಪ್ಪ ಒಂದು ಕಡ್ಡಿ ಎಳೆದುಕೊಂಡು ನೆಲ ಕೆರೆಯುತ್ತ ನಿಂತ. ಆಮೇಲೆ ಮಗಳ ಕಡೆ ತಿರುಗಿದ.

“ನಿಂಗ್ ಗೊತ್ತಿತ್ತಾ?”

“ಗೊತ್ತಿತ್ತಪ್ಪ.”

“ನಂಗ್ಯಾಕೆ ಹೇಳ್ಲಿಲ್ಲ?”

“ಅವ್ರ ವಿಷ್ಯ ಅವ್ರೇ ಹೇಳ್ಬೇಕು ಅಂತ. ಹೇಳಿದ್ರಲ್ಲ.”

ಅಜ್ಜಿ ಹರೀಶನನ್ನು ಮೇಲಿಂದ ಕೆಳಗೆ ನೋಡಿ, “ಪಿಲ್ಲೋಡು ಬಾಗುನ್ನಾಡು ಕದರಾ” ಎಂದಳು. ಹುಡುಗ ಚೆನ್ನಾಗೇ ಇದ್ದಾನಲ್ಲೋ ಎಂದು. “ನೀನ್ ಸುಮ್ನಿರವ್ವ” ಎಂದು ವೆಂಕಟೇಶಪ್ಪ ಕಡ್ಡಿ ಎಸೆದು ಒಳಗೆ ಹೋದ. ಈಗ ಹೇಳಿಬಿಡುತ್ತಾನೆ, ಚಾಪೆಯೆಲ್ಲ ಎದ್ದು ನಿಲ್ಲುತ್ತದೆ, ಮುಗಿಯಿತು. ಅವನು ಹೇಳಿದ್ದು ಇಷ್ಟು: “ಪಂಚಾಂಗ ನೋಡ್ದೆ. ಇವತ್ತು ಹೊತ್ತು ಚೆನ್ನಾಗಿಲ್ವಂತೆ. ತಟ್ಟೆ ಇನ್ನೊಂದಿನ ಬದಲಾಯ್ಸಣ. ಊಟಕ್ಕೇಳಿ.” ಅವನ ಮನೆಯಲ್ಲಿ ಪಂಚಾಂಗ ಎಲ್ಲಿದೆ ಎಂದು ಅವನಿಗೇ ಗೊತ್ತಿತ್ತೋ ಇಲ್ಲವೋ. ಮಾತು ಮಾತ್ರ ಹಿತ್ತಲಿನಲ್ಲೇ ಉಳಿಯಿತು.

ಊಟಕ್ಕೆ ಕೂತಾಗ ನಾನು ಎಲೆ ನೋಡಲಿಲ್ಲ, ಲೋಟ ನೋಡಿದೆ. ಹರೀಶನ ಮುಂದೆ ಇಟ್ಟದ್ದು ಎಲ್ಲರಿಗೂ ಇಟ್ಟಂಥ ಸ್ಟೀಲಿನ ಲೋಟವೇ. ಊಟ ಮುಗಿದ ಮೇಲೆ ಕೈ ತೊಳೆಯುವ ನೆಪದಲ್ಲಿ ಬಚ್ಚಲ ಹತ್ತಿರ ನಿಂತು, ಆ ಲೋಟ ಎಲ್ಲಿಗೆ ಹೋಗುತ್ತದೆ ಎಂದು ಕಾದೆ. ಅಜ್ಜಿ ಎಲ್ಲವನ್ನೂ ಒಂದೇ ಟಬ್ಬಿಗೆ ಹಾಕಿದಳು. ನಾನು ನೋಡುತ್ತಿರುವುದನ್ನು ಅವಳು ನೋಡಿದಳೇನೋ, “ಏನಮ್ಮಾ, ತೊಳೀತೀಯಾ? ಬಾ” ಎಂದಳು. ಹೋಗಿ ತೊಳೆದೆ.

ಅಲ್ಲಿಂದ ಬಂದಾಗಿನಿಂದ ಹೀಗೇ. ಹರೀಶ ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ, ಹುಳಕ್ಕೆ ಸೊಪ್ಪು ಹಾಕುತ್ತಾನೆ. ಹೌದು, ನೀನು ಹೊಸ್ತಿಲಲ್ಲಿ ಇಳಿಸಿ ಹೋದ ಹೊರೆಯನ್ನು ಈಗ ಒಳಗೆ ತೆಗೆದುಕೊಂಡು ಹೋಗುವವನು ಅವನೇ. ಅವನ ಕೈಯಲ್ಲಿ ಬೆಳೆದ ಗೂಡು ಗಟ್ಟಿಯಾಗಿರುತ್ತದೆ. ಮೊನ್ನೆ ವೆಂಕಟೇಶಪ್ಪ ಮಗಳ ಜೊತೆ ಕೋಲಾರದ ಆಸ್ಪತ್ರೆಗೇ ಬಂದಿದ್ದನಂತೆ. ಎಲ್ಲ ಬಿಡಿಸಿ ಹೇಳಿ ಎಂದು ಹರೀಶನೇ ಡಾಕ್ಟರಿಗೆ ಒಪ್ಪಿಗೆ ಕೊಟ್ಟು ಪಕ್ಕದಲ್ಲಿ ಕೂತಿದ್ದ. “ನನ್ ಮಗ್ಳಿಗೆ ಬರಲ್ಲ ಅಂತ ಬರ್ಕೊಡ್ತೀರಾ?” ಎಂದು ವೆಂಕಟೇಶಪ್ಪ ಕೇಳಿದನಂತೆ. ಡಾಕ್ಟರು, “ನಾನ್ ಬರ್ಯೋದ್ರಲ್ಲಿ ಏನೂ ಇಲ್ಲ, ಇವ್ರು ನುಂಗೋದ್ರಲ್ಲಿ ಇರೋದು. ದಿನಾ ನುಂಗಿ, ವೈರಲ್ ಲೋಡ್ ಟೆಸ್ಟಲ್ಲಿ ಸಿಗ್ದಂಗೇ ಇದ್ರೆ ಗಂಡನಿಂದ ಹೆಂಡ್ತಿಗೆ ದಾಟಲ್ಲ. ಬಿಟ್ರೆ ಮತ್ತೆ ಏರುತ್ತೆ. ಅದಕ್ಕೇ ಟೆಸ್ಟ್ ತಪ್ಪಿಸ್ಬಾರ್ದು” ಎಂದರಂತೆ. ಮಕ್ಕಳು? ಮಕ್ಕಳೂ ಆಗಬಹುದು, ತಾಯಿಗಿಲ್ಲದ್ದು ಮಗುವಿಗೆ ಬರುವುದಿಲ್ಲ. ಆಯಸ್ಸು? “ಟೊಮೇಟೊ ಲೋಡ್ ಮೇಲೆ ಕೂತು ಹೈವೇಲಿ ಹೋಗ್ತೀರಲ್ಲ, ನಿಮಗೆಷ್ಟೋ ಇವರಿಗೂ ಅಷ್ಟೇ ಅನ್ಕೊಳ್ಳಿ.” ಪವಿತ್ರ ನಕ್ಕಳಂತೆ, ಅವಳ ಅಪ್ಪ ನಗಲಿಲ್ಲ. ಬೈಕು ಹತ್ತಿ ಹೊರಟುಹೋದ. ಆಮೇಲೆ ಮಾತಿಲ್ಲ.

ನಿನ್ನ ಕಾಲದಲ್ಲಿ ಇದೇ ಆಸ್ಪತ್ರೆಯಲ್ಲಿ ನಾವು ಕ್ಯೂ ನಿಂತಾಗ ಕೇಳುತ್ತಿದ್ದುದು ಇನ್ನೆಷ್ಟು ದಿನ ಎಂದು. ಈಗ ಮಕ್ಕಳ ಮಾತು ಕೇಳುತ್ತಾರೆ. ನಿನಗೆ ಇದನ್ನು ಹೇಗೆ ನಂಬಿಸಲಿ? ಆದರೆ ಡಾಕ್ಟರ ಮಾತು ಒಂದು ಕಡೆ, ಅಪ್ಪನ ಎದೆ ಇನ್ನೊಂದು ಕಡೆ. ನನಗೇ ಒಬ್ಬಳು ಮಗಳಿದ್ದು ಹೀಗೊಂದು ತಟ್ಟೆ ಬಂದಿದ್ದರೆ ನಾನು ಏನು ಮಾಡುತ್ತಿದ್ದೆ? ರಾತ್ರಿಯೆಲ್ಲ ಅವನು ಹೊರಳಾಡುತ್ತಿರಬಹುದು, ಅಥವಾ ಆಗಲೇ ಇಲ್ಲ ಎಂದು ತೀರ್ಮಾನಿಸಿ ಹೇಗೆ ಹೇಳುವುದೆಂದು ಯೋಚಿಸುತ್ತಿರಬಹುದು. ಹರೀಶ ಮಾತ್ರ, “ಇಲ್ಲ ಅಂದ್ರೂ ಒಂಬತ್ತಕ್ಕೆ ನುಂಗ್ತೀನಿ ದೊಡ್ಡಮ್ಮ, ನೀನ್ ಹೆದರ್ಬೇಡ” ಎನ್ನುತ್ತಾನೆ. ಹೆದರದೆ ಹೇಗಿರಲಿ? ಒಂದು ಸಲ ತಿಪ್ಪೆಯಲ್ಲಿ ಕಂಡವಳು ನಾನು. ಈಗ ಮನಸ್ಸು ಮುರಿದರೆ ಮತ್ತೆ...

ಇಲ್ಲಿಗೆ ನಿಲ್ಲಿಸಿ ಎದ್ದಿದ್ದೆ. ಫೋನು ಬಂತು. ಕೈಯೆಲ್ಲ ಶಾಯಿ, ಸೆರಗಿಗೆ ಒರೆಸಿಕೊಂಡು ಎತ್ತಿದೆ.

“ಅಮ್ಮಾ, ನಾನು ವೆಂಕಟೇಶಪ್ಪ.”

“ಹೇಳಣ್ಣ.”

“ಛತ್ರದೋರು ಕೇಳ್ತಾವ್ರೆ. ಧಾರೆ ಹಿಂದಿನ್ ದಿನ ರಿಸೆಪ್ಷನ್ನು ಸಂಜೆ ಏಳರಿಂದ ಹತ್ತು.”

ನನಗೆ ತಲೆಬುಡ ತಿಳಿಯಲಿಲ್ಲ. ಯಾರ ಛತ್ರ, ಯಾರ ರಿಸೆಪ್ಷನ್ನು? “ಅದಕ್ಕೆ?” ಎಂದೆ.

“ಅದಕ್ಕೆ ಅಂದ್ರೆ? ಒಂಬತ್ತಕ್ಕೆ ಆ ಹುಡ್ಗ ಮಾತ್ರೆ ನುಂಗ್ಬೇಕಲ್ಲಮ್ಮಾ. ಸ್ಟೇಜ್ ಮೇಲೆ ಜನ ಸಾಲಾಗ್ ನಿಂತಿರ್ತಾರೆ, ಫೋಟೋದೋನು ಬಿಡಲ್ಲ. ಒಂಬತ್ತಕ್ಕೆ ಫೋಟೋ ನಿಲ್ಸು ಅಂತ ನಾನ್ ಹೇಳ್ತೀನಿ. ನೀರ್ ಯಾರ್ ತಂದ್ಕೊಡ್ತಾರೆ?”

ಅತ್ತಲಿಂದ, “ಹಲೋ, ಹಲೋ, ಕೇಳುಸ್ತಾ?” ಎನ್ನುತ್ತಿದ್ದ.

“ನಾನ್ ಕೊಡ್ತೀನಣ್ಣ,” ಎಂದೆ.

“ಸರಿ. ತಟ್ಟೆಗೆ ಬೇರೆ ಎಲೆ ತನ್ನಿ, ಅದು ಬಾಡಿರುತ್ತೆ. ಆಮೇಲೆ ಇನ್ನೊಂದು. ಮಾತ್ರೆ ಬಿಟ್ಟ ಅಂತ ನಂಗೆ ಗೊತ್ತಾದ್ರೆ, ನಿಮ್ಮೂರಿಗ್ ಬಂದು...” ಮುಂದಿನದು ಹೇಳಲಿಲ್ಲ. ಹಿಂದಿನಿಂದ ಅಜ್ಜಿ ತೆಲುಗಿನಲ್ಲಿ ಏನೋ ಹೇಳುತ್ತಿದ್ದಳು. ಫೋನು ಇಟ್ಟ.

ನಿನ್ನ ಭಾವನವರು ಮೊಳಕಾಲ ಮೇಲೆ ಕೈಯೂರಿ ಎದ್ದು ಹೊಸ ಎಲೆ ತರಲು ಬೈರಕೂರಿಗೆ ಹೊರಟಿದ್ದಾರೆ. “ಈ ಸಲ ಕೇಳಿದ್ರೆ ನೀವ್ ಬಾಯಿ ಬಿಡ್ಬೇಡಿ” ಎಂದು ಕಳಿಸಿದೆ. ಹರೀಶ ಶಿಫ್ಟಿನಲ್ಲಿದ್ದಾನೆ, ಅವನಿಗೆ ಇನ್ನೂ ಹೇಳಿಲ್ಲ. ಪವಿತ್ರ ಹೇಳಿರುತ್ತಾಳೆ. ಆದರೂ ಒಂಬತ್ತಕ್ಕೆ ಅವನು ಫೋನು ಮಾಡಿದಾಗ ನಾನೇ ಹೇಳಬೇಕೆಂದು ಗಡಿಯಾರ ನೋಡುತ್ತ ಕೂತಿದ್ದೇನೆ. ಮುಳ್ಳು ಅಲ್ಲಾಡುತ್ತಲೇ ಇಲ್ಲ.

ನಿನ್ನ ಚೊಂಬು ಅಟ್ಟದ ಮೇಲಿಂದ ಇಳಿಸಿದೆ. ಹುಣಸೆಹಣ್ಣು ಹಚ್ಚಿ ಉಜ್ಜಿಟ್ಟಿದ್ದೇನೆ, ಸೊಂಟದ ಹತ್ತಿರ ಚಿಕ್ಕ ತಗ್ಗು ಹಾಗೇ ಇದೆ. ರಿಸೆಪ್ಷನ್ನಿನ ದಿನ ಒಂಬತ್ತಕ್ಕೆ ಇದರ ತುಂಬ ನೀರು ಹಿಡಿದುಕೊಂಡು ನಾನು ಸ್ಟೇಜು ಹತ್ತುತ್ತೇನೆ. ಏನು ಮಾತ್ರೆ ಎಂದು ಯಾರಾದರೂ ಕೇಳಿದರೆ, ಅದು ನಮ್ಮಿಬ್ಬರ ಮಾತ್ರೆ ಎನ್ನುತ್ತೇನೆ, ಅಷ್ಟೇ. ಅವನು ನುಂಗಿ ಕುಡಿದ ಮೇಲೆ ಚೊಂಬು ನನ್ನ ಕೈಗೆ ಬರುತ್ತದೆ. ನನ್ನ ಬಿಪಿ ಮಾತ್ರೆಯೂ ಅದೇ ಹೊತ್ತಿಗಲ್ಲವಾ? ಉಳಿದ ನೀರು ನಾನು ಕುಡಿಯುತ್ತೇನೆ ರತ್ನಾ, ಸ್ಟೇಜಿನ ಮೇಲೆ, ಊರೆಲ್ಲ ನೋಡುತ್ತಿರುವಾಗ. ಎತ್ತಿ ಅಲ್ಲ. ಕಚ್ಚಿಕೊಂಡು.

ನಿನ್ನ ಅಕ್ಕ,
ನಂಜಮ್ಮ